ಜ್ಞಾನೋಪಾಸಕ ಪ್ಲಿನಿ

ಬೆಂಕಿಯುಗುಳುವ ಬೆಟ್ಟವನ್ನು ನಮ್ಮಲ್ಲಿ ಹೆಚ್ಚಿನವರು ಭೂಗೋಳ ಪಾಠದ ಚಿತ್ರದಲ್ಲಿ ಮಾತ್ರ ಕಂಡಿದ್ದೇವೆ. ಭಾರತದಲ್ಲಿ ಸಜೀವ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೊಂದರಲ್ಲೇ, ಅಲ್ಲಿ ಜನವಸತಿಯಿಲ್ಲ. ಇಟಲಿಯಲ್ಲಿ ಹಾಗಲ್ಲ. ಅಲ್ಲಿನ ನೇಪಲ್ಸ್ ನಗರದ ಬಳಿಯಿರುವ ವೆಸೂವಿಯಸ್ ಬೆಟ್ಟದ ಬುಡದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಜನರು ಊರು ಕಟ್ಟಿ, ದ್ರಾಕ್ಷಿ ಬೆಳೆದು ಬಾಳುತ್ತ ಬಂದಿದ್ದಾರೆ. ಆ ಬೆಟ್ಟವು ಸಿಡಿದ ದಿನ, ಎಲ್ಲರೂ ಅದರಿಂದ ದೂರ ಓಡುತ್ತಿದ್ದಾಗ, ಅದರ ಕಡೆಗೇ ಹಡಗು ನಡೆಸಿದ ಒಬ್ಬ ವಿದ್ವಾಂಸನಿದ್ದನು. ಅವನೇ ರೋಮ್ ಸಾಮ್ರಾಜ್ಯದ ಹಿರಿಯ ಪ್ಲಿನಿ. ವಿದ್ಯೆ ಯಾತಕ್ಕಾಗಿ ಎಂಬ ಪ್ರಶ್ನೆಗೆ ಅವನ ಬಾಳಿನಲ್ಲಿ ಒಂದು ಉತ್ತರವಿದೆ.

ಪ್ಲಿನಿಯು ಕ್ರಿ.ಶ. ೨೩ ಅಥವಾ ೨೪ರಲ್ಲಿ ಉತ್ತರ ಇಟಲಿಯ ಕೋಮೊ ಎಂಬ ಊರಿನಲ್ಲಿ ಹುಟ್ಟಿದನು. ಅನುಕೂಲಸ್ಥ ಮನೆತನ. ಯೌವನದಲ್ಲಿ ಸೈನ್ಯ ಸೇರಿ ಜರ್ಮನಿಯ ಗಡಿಯಲ್ಲಿ ಅಶ್ವದಳದ ನಾಯಕನಾದನು. ಕುದುರೆಯ ಮೇಲಿಂದ ಈಟಿ ಎಸೆಯುವ ವಿದ್ಯೆಯ ಬಗ್ಗೆ ಒಂದು ಪುಸ್ತಕವನ್ನೂ, ಜರ್ಮನಿಯ ಯುದ್ಧಗಳ ಚರಿತ್ರೆಯನ್ನು ೨೦ ಭಾಗಗಳಲ್ಲಿಯೂ ಬರೆದನು. ಅವು ಇಂದು ಉಳಿದಿಲ್ಲ. ಮುಂದೆ ವೆಸ್ಪಾಸಿಯನ್ ಚಕ್ರವರ್ತಿಯ ಕಾಲದಲ್ಲಿ ದೊಡ್ಡ ಅಧಿಕಾರಗಳು ಅವನನ್ನು ಅರಸಿಕೊಂಡು ಬಂದವು.

ಹಗಲೆಲ್ಲ ರಾಜಕಾರ್ಯವಾದರೆ ಓದುವುದು ಯಾವಾಗ? ಪ್ಲಿನಿ ಇರುಳನ್ನು ಓದಿಗೆ ಮೀಸಲಿಟ್ಟನು. ಊಟ ಮಾಡುವಾಗ ಒಬ್ಬನು ಪುಸ್ತಕ ಓದಿ ಹೇಳಬೇಕು. ಸ್ನಾನದ ಬಳಿಕ ಮೈ ಒರೆಸಿಕೊಳ್ಳುವಾಗಲೂ ಓದು ನಿಲ್ಲಬಾರದು. ಪ್ರಯಾಣದಲ್ಲಿ ಲಿಪಿಕಾರನು ಪಕ್ಕದಲ್ಲೇ ಇರಬೇಕು. ಚಳಿಗೆ ಕೈ ಮರಗಟ್ಟಿ ಬರವಣಿಗೆ ನಿಲ್ಲದಿರಲೆಂದು ಅವನಿಗೆ ಕೈಗವಸು ತೊಡಿಸುತ್ತಿದ್ದರು. ಒಮ್ಮೆ ಓದುವವನು ಉಚ್ಚಾರ ತಪ್ಪಿದಾಗ ಮಿತ್ರನೊಬ್ಬನು ತಡೆದು ಮತ್ತೆ ಓದಿಸಿದನು. ಅರ್ಥವಾಗಿದ್ದರೂ ತಡೆದು ಹತ್ತು ಸಾಲು ಕಳೆದೆಯಲ್ಲ ಎಂದು ಪ್ಲಿನಿ ಅವನನ್ನು ಆಕ್ಷೇಪಿಸಿದನು. ಎಷ್ಟೇ ಕೆಟ್ಟ ಪುಸ್ತಕವಾದರೂ ಅದರಲ್ಲಿ ಕಲಿಯುವಂಥದು ಏನಾದರೂ ಇರುತ್ತದೆಂದು ಅವನ ನಂಬಿಕೆ.

ಈ ಪರಿಶ್ರಮದ ಫಲವೇ ಕ್ರಿ.ಶ. ೭೭ರಲ್ಲಿ ರಾಜಕುಮಾರ ಟೈಟಸ್‌ನಿಗೆ ಅರ್ಪಿತವಾದ, ೩೭ ಭಾಗಗಳ ಪ್ರಕೃತಿ ಚರಿತ್ರೆ ಎಂಬ ಮಹಾಗ್ರಂಥ. ಆಕಾಶ, ಭೂಮಿ, ಪ್ರಾಣಿ, ಗಿಡಮರ, ಔಷಧಿ, ಲೋಹ, ರತ್ನ ಎಲ್ಲವೂ ಅದರಲ್ಲಿವೆ. ನಮ್ಮ ಪಶ್ಚಿಮ ಕರಾವಳಿಯೂ ಇದೆ. ಕೇರಳದ ಮುಜಿರಿಸ್ ಬಂದರು, ಕಾಳುಮೆಣಸಿನ ವ್ಯಾಪಾರ, ನಿತ್ರಿಯಾಸ್ ಎಂಬಲ್ಲಿನ ಕಡಲುಗಳ್ಳರು ಇವುಗಳನ್ನು ಅವನು ಹೆಸರಿಸಿದ್ದಾನೆ. ಈ ನಿತ್ರಿಯಾಸ್ ಎಂಬುದು ನಮ್ಮ ಮಂಗಳೂರಿಗೆ ಸಮೀಪದ ನೇತ್ರಾವತಿಯ ತೀರವೇ ಇರಬೇಕೆಂದು ಕೆಲವು ವಿದ್ವಾಂಸರ ಊಹೆ. ಆದರೆ ಗಂಗೆಯ ಮೂಲದ ಬಳಿ ಬಾಯಿಯೇ ಇಲ್ಲದ, ವಾಸನೆಯಿಂದಲೇ ಬದುಕುವ ಜನರಿದ್ದಾರೆಂದೂ ಅದೇ ಗ್ರಂಥದಲ್ಲಿದೆ! ಕಣ್ಣಾರೆ ಕಾಣದೆ, ಹಳೆಯ ಪುಸ್ತಕಗಳನ್ನು ನಂಬಿ ಬರೆದುದರ ದೋಷವಿದು.

ಇನ್ನೊಂದು ಕೊರತೆಯೂ ಇತ್ತು. ಸಿಸಿಲಿಯ ಎಟ್ನಾ ಮೊದಲಾಗಿ ಉರಿಯುವ ಬೆಟ್ಟಗಳನ್ನು ಪ್ಲಿನಿ ಪಟ್ಟಿ ಮಾಡಿದ್ದನು. ಅದರಲ್ಲಿ ವೆಸೂವಿಯಸ್ ಇಲ್ಲ. ನೌಕಾಪಡೆಯ ಅಧಿಪತಿಯಾಗಿ ಅವನು ವಾಸಿಸುತ್ತಿದ್ದ ಮಿಸೇನಮ್ ಎಂಬ ಊರಿನಿಂದ, ಕೊಲ್ಲಿಯ ಆಚೆ ಸುಮಾರು ೩೦ ಕಿಲೋಮೀಟರ್ ದೂರದಲ್ಲಿ, ಆ ಬೆಟ್ಟವು ದಿನವೂ ಕಾಣುತ್ತಿತ್ತು. ಇಳಿಜಾರಿನಲ್ಲಿ ಹಸುರು ದ್ರಾಕ್ಷಿತೋಟಗಳು. ಬುಡದಲ್ಲಿ ಪೊಂಪೆ, ಹರ್ಕ್ಯುಲೇನಿಯಮ್ ಪಟ್ಟಣಗಳು. ಕ್ರಿ.ಶ. ೬೨ರ ಸುಮಾರಿಗೆ ದೊಡ್ಡ ಭೂಕಂಪವಾಗಿ ಅಲ್ಲಿನ ಅನೇಕ ಕಟ್ಟಡಗಳು ಉರುಳಿದ್ದವು. ಅದು ಬೆಟ್ಟದ ಒಳಗಿನ ಬೆಂಕಿಯ ಮುನ್ಸೂಚನೆ ಎಂದು ಜನರಿಗೆ ತಿಳಿಯಲಿಲ್ಲ. ಬಿದ್ದುದನ್ನು ಮತ್ತೆ ಕಟ್ಟಿಕೊಂಡು ಅಲ್ಲೇ ಉಳಿದರು.

ಕ್ರಿ.ಶ. ೭೯ರಲ್ಲಿ ಒಂದು ದಿನ. ಅದು ಆಗಸ್ಟ್ ೨೪ ಎಂದು ಬಹುಕಾಲ ನಂಬಿದ್ದರು; ಅಕ್ಟೋಬರ್ ತಿಂಗಳೆಂದು ಈಗ ಹಲವರ ಅಭಿಪ್ರಾಯ. ಮಧ್ಯಾಹ್ನದ ಊಟ ಮುಗಿಸಿ ಪ್ಲಿನಿ ಓದುತ್ತ ಮಲಗಿದ್ದನು. ಆಗ ಅವನ ತಂಗಿಯು ಬಂದು ವಿಚಿತ್ರವಾದ ಮೋಡವೊಂದನ್ನು ತೋರಿಸಿದಳು. ಅದು ಕಾಂಡದಂತೆ ನೆಟ್ಟಗೆ ಮೇಲೇರಿ, ತುದಿಯಲ್ಲಿ ಕೊಡೆಯಂಥ ಪೈನ್ ಮರದ ಹಾಗೆ ಹರಡಿಕೊಂಡಿತ್ತು. ಪ್ಲಿನಿ ಪಾದರಕ್ಷೆ ತರಿಸಿಕೊಂಡು ಎತ್ತರದ ಜಾಗಕ್ಕೆ ಹೋಗಿ ನೋಡಿದನು. ಇದನ್ನು ಹತ್ತಿರದಿಂದಲೇ ಪರೀಕ್ಷಿಸಬೇಕೆಂದು ನಿಶ್ಚಯಿಸಿ ಒಂದು ಹಗುರವಾದ ನೌಕೆಯನ್ನು ಸಜ್ಜುಗೊಳಿಸಲು ಹೇಳಿದನು. ಹದಿನೇಳು ವರ್ಷದ ಸೋದರಳಿಯನನ್ನೂ ಜೊತೆಗೆ ಕರೆದನು. ಮಾವ ಕೊಟ್ಟ ಬರವಣಿಗೆಯ ಕೆಲಸವಿದೆಯೆಂದು ಹುಡುಗನು ಮನೆಯಲ್ಲೇ ಉಳಿದನು.

ಇನ್ನೇನು ಹೊರಡಬೇಕು, ಅಷ್ಟರಲ್ಲಿ ರೆಕ್ಟೀನಾ ಎಂಬ ಮಹಿಳೆಯಿಂದ ಓಲೆ ಬಂದಿತು. ಅವಳ ಮನೆ ಬೆಟ್ಟದ ಬುಡದಲ್ಲೇ ಇತ್ತು. ಸಮುದ್ರಮಾರ್ಗವೊಂದನ್ನು ಬಿಟ್ಟರೆ ಪಾರಾಗುವ ದಾರಿಯಿರಲಿಲ್ಲ. ಓಲೆ ಓದಿದ ಕ್ಷಣವೇ ಪ್ಲಿನಿಯ ಉದ್ದೇಶ ಬದಲಾಯಿತು. ಸಣ್ಣ ನೌಕೆಯ ಬದಲು ಯುದ್ಧದ ದೊಡ್ಡ ಹಡಗುಗಳನ್ನು ನೀರಿಗಿಳಿಸಲು ಆಜ್ಞೆ ಕೊಟ್ಟು, ಅವಳನ್ನಷ್ಟೇ ಅಲ್ಲದೆ ಆ ದಡದ ಜನರನ್ನು ಆದಷ್ಟು ಪಾರುಮಾಡಲು ತಾನೇ ಹೊರಟನು. ನೋಡಲೆಂದು ಹೊರಟವನು ಕಾಪಾಡಲೆಂದು ಹೋದನು.

ದಾರಿಯಲ್ಲಿಯೂ ಅವನು ಕಂಡುದನ್ನೆಲ್ಲ ಬರೆಸುತ್ತಲೇ ಇದ್ದನು. ಹತ್ತಿರ ಹೋದಂತೆ ಬಿಸಿಯಾದ ಬೂದಿಯೂ, ತೂತುತೂತಾದ ಹಗುರ ಕಲ್ಲುಗಳೂ ಹಡಗಿನ ಮೇಲೆ ಸುರಿಯತೊಡಗಿದವು. ದಡದ ಬಳಿ ಹಡಗು ಹೋಗುವಷ್ಟು ಆಳವಿಲ್ಲದಾಯಿತು. ಹಿಂದಿರುಗೋಣವೆಂದು ಚುಕ್ಕಾಣಿಗನು ಬೇಡಿಕೊಂಡನು. ಪ್ಲಿನಿ ಕ್ಷಣಕಾಲ ಯೋಚಿಸಿ, ಧೈರ್ಯವಂತರಿಗೆ ದೈವವೇ ನೆರವಾಗುವುದೆಂದು ಹೇಳಿ, ಸ್ಟೇಬಿಯೇ ಎಂಬ ಊರಿನಲ್ಲಿದ್ದ ಮಿತ್ರ ಪೊಂಪೋನಿಯಾನಸ್‌ನ ಕಡೆಗೆ ಹಡಗು ತಿರುಗಿಸಿದನು. ಒಳಗೆ ತಂದ ಗಾಳಿಯೇ ಹೊರಗೆ ಹೋಗಗೊಡಲಿಲ್ಲ. ಗೆಳೆಯನಿಗೆ ಧೈರ್ಯ ಬರಲೆಂದು ಪ್ಲಿನಿ ನಗುನಗುತ್ತ ಸ್ನಾನ ಮಾಡಿ, ಉಂಡು ಮಲಗಿದನು. ಅವನ ಗೊರಕೆ ಬಾಗಿಲಾಚೆಗೂ ಕೇಳಿಸುತ್ತಿತ್ತಂತೆ.

ರಾತ್ರಿ ಅಂಗಳದಲ್ಲಿ ಬೂದಿ, ಕಲ್ಲು ತುಂಬಿ ಬಾಗಿಲೇ ಮುಚ್ಚಿಹೋಗುವಂತಾದಾಗ ಅವನನ್ನು ಎಬ್ಬಿಸಿದರು. ಮನೆ ನಡುಗುತ್ತಿತ್ತು. ತಲೆಗೆ ದಿಂಬು ಕಟ್ಟಿಕೊಂಡು, ಪಂಜು ಹಿಡಿದು ಎಲ್ಲರೂ ಸಮುದ್ರ ತೀರಕ್ಕೆ ಬಂದರು. ಬೇರೆಡೆ ಬೆಳಗಾಗಿದ್ದರೂ ಅಲ್ಲಿ ಕಗ್ಗತ್ತಲೆ. ಅಲೆಗಳ ಅಬ್ಬರದಲ್ಲಿ ಹಡಗೇರುವುದು ಸಾಧ್ಯವಿರಲಿಲ್ಲ. ಪ್ಲಿನಿಗೆ ಮೊದಲೇ ಶ್ವಾಸನಾಳದ ದೌರ್ಬಲ್ಯವಿತ್ತು. ಹಾಸಿದ ಬಟ್ಟೆಯ ಮೇಲೆ ಮಲಗಿ ಎರಡು ಬಾರಿ ತಣ್ಣೀರು ಕುಡಿದನು. ಗಂಧಕದ ವಾಸನೆ ದಟ್ಟವಾದಾಗ ಇಬ್ಬರು ಗುಲಾಮರ ಹೆಗಲು ಹಿಡಿದು ಎದ್ದು ನಿಂತವನು ಅಲ್ಲೇ ಕುಸಿದುಬಿದ್ದನು. ಮತ್ತೆ ಬೆಳಕು ಬಂದಾಗ ಅವನ ದೇಹವು ಗಾಯವಿಲ್ಲದೆ, ನಿದ್ರಿಸುವವನಂತೆ ಕಂಡಿತು. ಆಗ ಅವನಿಗೆ ಸುಮಾರು ೫೫ ವರ್ಷ.

ಮನೆಯಲ್ಲುಳಿದ ಆ ಹುಡುಗನೇ ಮುಂದೆ ಕಿರಿಯ ಪ್ಲಿನಿ ಎಂದು ಹೆಸರಾದನು. ಅವನು ತಾಯಿಯ ಕೈಬಿಡದೆ, ಅವಳನ್ನು ನಡೆಸಿಕೊಂಡು ಬೂದಿಯ ಕತ್ತಲೆಯಿಂದ ಪಾರಾಗಿದ್ದನು. ಹಲವು ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್‌ನ ಕೋರಿಕೆಯಂತೆ ಇದೆಲ್ಲವನ್ನೂ ಎರಡು ಪತ್ರಗಳಲ್ಲಿ ಬರೆದನು. ಆ ವರ್ಣನೆ ಎಷ್ಟು ಕರಾರುವಾಕ್ಕಾಗಿದೆಯೆಂದರೆ, ಅಂಥ ಸ್ಫೋಟಗಳನ್ನು ವಿಜ್ಞಾನಿಗಳು ಇಂದಿಗೂ ಪ್ಲಿನಿಯ ಹೆಸರಿನಿಂದಲೇ ಕರೆಯುತ್ತಾರೆ.

ವೆಸೂವಿಯಸ್ ಕೊನೆಯ ಬಾರಿ ಸಿಡಿದುದು ೧೯೪೪ರಲ್ಲಿ. ಅದರ ಅಪಾಯವಲಯದಲ್ಲಿ ಈಗಲೂ ಆರು ಲಕ್ಷಕ್ಕಿಂತ ಹೆಚ್ಚು ಜನರಿದ್ದಾರೆ. ಬೂದಿಯಿಂದಾದ ಫಲವತ್ತಾದ ಮಣ್ಣಿನಲ್ಲಿ ದ್ರಾಕ್ಷಿ ಬೆಳೆಯುತ್ತಲೇ ಇದೆ. ಆದರೆ ೧೮೪೧ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯವು ಬೆಟ್ಟದ ಪ್ರತಿಯೊಂದು ನಡುಕವನ್ನೂ ಗಮನಿಸುತ್ತದೆ. ಪ್ಲಿನಿಗೆ ಇಲ್ಲದಿದ್ದ ತಿಳಿವಳಿಕೆ ಇದು.

ವಿದ್ಯಾರ್ಥಿಗಳೇ, ಪ್ಲಿನಿ ಓದಿದಷ್ಟು ಓದುವುದು ನಮ್ಮಿಂದಾಗದಿರಬಹುದು. ಆದರೆ ಓದಿದುದನ್ನು ಕಣ್ಣಿಂದ ಕಂಡು ಪರೀಕ್ಷಿಸುವುದು ನಮ್ಮಿಂದಾದೀತು. ನೆರೆಯವರು ಕಷ್ಟದಲ್ಲಿ ಕೂಗಿದಾಗ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟು ಏಳುವುದೂ ಆದೀತು. ಮಹಾಗ್ರಂಥ ಬರೆದ ಪ್ಲಿನಿಗಿಂತ ಆ ಮಧ್ಯಾಹ್ನ ಓಲೆ ಓದಿ ಎದ್ದು ಹೊರಟ ಪ್ಲಿನಿಯೇ ದೊಡ್ಡವನೆಂದು ನನಗನ್ನಿಸುತ್ತದೆ.