ಮೈಸೂರಿನಲ್ಲಿ ಕೊನೆಯುಸಿರೆಳೆದ ಗ್ರಾಮಫೋನ್ ರಾಣಿ ಗೌಹರ್ ಜಾನ್

ಸುಲ್ತಾನ್ ಬತ್ತೇರಿ: ಗುಂಡ್ಲುಪೇಟೆ ದಾಟಿದರೆ ಮೈಸೂರು. ಭಾರತದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ತೀರಿಕೊಂಡದ್ದು ಅಲ್ಲೇ ಎಂಬುದು ನಮ್ಮ ಗಡಿನಾಡಿನಲ್ಲಿ ಹೆಚ್ಚಿನವರಿಗೆ ತಿಳಿಯದು.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಅವರ ಹೆಸರು ಏಂಜೆಲಿನಾ. ತಂದೆ ಅರ್ಮೇನಿಯನ್ ಮೂಲದವರು. ಅವರಿಂದ ಬೇರೆಯಾದ ತಾಯಿ ಮಗಳೊಂದಿಗೆ ಬನಾರಸ್ ಸೇರಿ, ಇಸ್ಲಾಂ ಸ್ವೀಕರಿಸಿ, ಗಾಯಕಿ ಮಲ್ಕಾ ಜಾನ್ ಆದರು. ಮಗಳು ಗೌಹರ್ ಆದರು. ಮುಂದೆ ಕಲ್ಕತ್ತೆಯಲ್ಲಿ ನೆಲೆಸಿ ಠುಮ್ರಿ, ಖಯಾಲ್ ಹಾಡಿ ಹೆಸರು ಗಳಿಸಿದರು.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಅವರ ಹಾಡನ್ನು ಮುದ್ರಿಸಿಕೊಂಡರು. ಆಗ ಮುದ್ರಣಕ್ಕೆ ಮೈಕ್ ಇರಲಿಲ್ಲ. ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಬೇಕು. ದನಿಯ ಅದುರಿಗೆ ಸೂಜಿಯು ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಅಡಕಗೊಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ನೂರಾರು ಮುದ್ರಿಕೆಗಳು ಬಂದವು. 1911ರ ದೆಹಲಿ ದರ್ಬಾರಿನಲ್ಲೂ ಹಾಡಿದರು. ಆದರೆ ಕೋರ್ಟು ಕಚೇರಿ ಅಲೆದಾಟದಲ್ಲಿ ಆಸ್ತಿ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನದಲ್ಲಿ ಆಶ್ರಯ ದೊರೆಯಿತು. 1930ರ ಜನವರಿ 17ರಂದು ನಿಧನರಾದರು.

ಉಳಿದದ್ದು ಸವೆಯುತ್ತಿರುವ ತಟ್ಟೆಗಳು. ಅವನ್ನು ಕಂಪ್ಯೂಟರಿಗೆ ಇಳಿಸುವಾಗ ದನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಇದೇ ಸ್ಯಾಂಪಲ್ ರೇಟ್. ಹಿಡಿಯಬೇಕಾದ ಅತಿ ಎತ್ತರದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು ಎಂಬುದು ನಿಯಮ. ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುವುದರಿಂದ ಸಿ.ಡಿ.ಗೆ 44,100, ವಿಡಿಯೋಗೆ ಸಾಮಾನ್ಯವಾಗಿ 48,000.

ಗೌಹರ್ ಕಾಲದ ತಟ್ಟೆಯಲ್ಲಿ ಕೆಲವು ಸಾವಿರ ಹರ್ಟ್ಸ್ ಮೀರಿದ ದನಿ ಇಲ್ಲವೆನ್ನಬಹುದು. ಆದರೂ ಸಂಗ್ರಹಾಲಯಗಳು 96,000 ಬಳಸುವುದುಂಟು. ಕಾರಣ ಗೀರುಗಳು. ಗೀರಿನ ಚಟ್ ಸದ್ದು ಬಲು ಚುಟುಕು; ಸ್ಪಷ್ಟವಾಗಿ ಹಿಡಿದರೆ ಮಾತ್ರ ಹಾಡಿಗೆ ಪೆಟ್ಟಾಗದಂತೆ ಅದನ್ನು ತೆಗೆಯಬಹುದು. ಇನ್ನೊಂದು ಎಚ್ಚರಿಕೆ: 48,000ದಲ್ಲಿ ಅಳೆದದ್ದನ್ನು 44,100 ಎಂದು ಭಾವಿಸಿ ನುಡಿಸಿದರೆ ಹಾಡು ಶೇ. 8ರಷ್ಟು ನಿಧಾನವಾಗಿ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ. ಗಾಯಕಿಯ ದನಿಯೇ ಬೇರೆಯಾಗುತ್ತದೆ.

ನಮ್ಮಲ್ಲೂ ಅಜ್ಜಿಯರ ಸೋಬಾನೆ ಪದ, ಕಾಟ್ಟುನಾಯ್ಕರ ಹಿರಿಯರ ಹಾಡು ಮೊಬೈಲಿನಲ್ಲಿ ಸೇರುತ್ತಿವೆ. ಜಾಗ ಉಳಿಸಲೆಂದು 8,000ಕ್ಕೆ ಇಳಿಸಿದರೆ 4,000 ಹರ್ಟ್ಸ್ ಮೇಲಿನದೆಲ್ಲ ಹೋಗುತ್ತದೆ; 'ಸ'ಕಾರ 'ಶ'ಕಾರಗಳ ಹರಿತವೂ ಮಾಯ. ಆಮೇಲೆ ಅಂಕಿ ಏರಿಸಿದರೆ ಕಡತ ದೊಡ್ಡದಾದೀತು, ಕಳೆದ ದನಿ ಬಾರದು. ಮೂಲ ಕಡತವನ್ನು 48,000ದಲ್ಲೇ ಇಡಿ. ಹಂಚಲು ಬೇರೆ ಪ್ರತಿ ಮಾಡಿಕೊಳ್ಳಿ.