ಆಚಾರ್ಯ ಹಾಲ್ಡೇನರು

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ನಾವು ಉಸಿರಾಡುವ ಪ್ರಾಣವಾಯುವಿಗೂ ಸಲ್ಲುವುದೆಂದರೆ ವಾಚಕರಲ್ಲಿ ಹಲವರು ಆಶ್ಚರ್ಯಪಡಬಹುದು. ಆ ಸತ್ಯವನ್ನು ತಮ್ಮ ಶರೀರದ ಮೇಲೆಯೇ ಒರೆಹಚ್ಚಿ ನೋಡಿ, ಕಡೆಗಾಲದಲ್ಲಿ ಭಾರತದ ಪ್ರಜೆಯಾಗಿ ಈ ನೆಲದಲ್ಲಿಯೇ ಕಣ್ಮುಚ್ಚಿದ ಜೆ. ಬಿ. ಎಸ್. ಹಾಲ್ಡೇನರ ಚರಿತ್ರೆಯು ಮನನಯೋಗ್ಯವಾಗಿದೆ.

ಹಾಲ್ಡೇನರು 1892ನೆಯ ನವೆಂಬರ್ 5ರಂದು ಆಕ್ಸ್‌ಫರ್ಡಿನಲ್ಲಿ ಜನಿಸಿದರು. ತಂದೆ ಜಾನ್ ಸ್ಕಾಟ್ ಹಾಲ್ಡೇನರು ಗಣಿಗಳ ವಿಷವಾಯುವನ್ನೂ ಮುಳುಗುಗಾರರ ಸಂಕಟಗಳನ್ನೂ ಶೋಧಿಸಿದ ಶರೀರಶಾಸ್ತ್ರಜ್ಞರು. ಪರೀಕ್ಷೆಗೆ ತಮ್ಮ ದೇಹವನ್ನೇ ಒಡ್ಡುತ್ತಿದ್ದವರು. ಮಗನಿಗೆ ಬಾಲ್ಯದಲ್ಲಿಯೇ ಈ ದೀಕ್ಷೆ ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಗಾಯಗೊಂಡ ಅವರು, ಅನಂತರ ಕೇಂಬ್ರಿಜ್ ಮತ್ತು ಲಂಡನ್ ನಗರಗಳಲ್ಲಿ ಅಧ್ಯಾಪಕರಾಗಿ, ಜೀವವಿಕಾಸದ ತತ್ತ್ವವನ್ನು ಗಣಿತಕ್ಕೆ ಅಳವಡಿಸಿ ಜಗದ್ವಿಖ್ಯಾತರಾದರು.

1939ನೆಯ ಜೂನ್ 1ರಂದು ‘ಥೀಟಿಸ್’ ಎಂಬ ಬ್ರಿಟಿಷ್ ಜಲಾಂತರ್ಗಾಮಿ ನೌಕೆಯು ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗಿತು. ಒಳಗಿದ್ದ 103 ಮಂದಿಯಲ್ಲಿ ಬದುಕಿದವರು ನಾಲ್ವರೇ. ಸತ್ತವರಲ್ಲಿ ಹಡಗುಕಟ್ಟೆಯ ಕೆಲಸಗಾರರೂ ಬಹುಮಂದಿ ಇದ್ದುದರಿಂದ ಕಾರ್ಮಿಕ ಸಂಘದವರು ಹಾಲ್ಡೇನರ ನೆರವನ್ನು ಕೋರಿದರು. ಅವರು ಕೆಲವು ಮಿತ್ರರೊಡನೆ ಉಕ್ಕಿನ ಕೋಣೆಯೊಳಗೆ ಸೇರಿ, ಕೆಟ್ಟ ಗಾಳಿಯು ಮನುಷ್ಯನನ್ನು ಹೇಗೆ ಕುಗ್ಗಿಸುವುದೆಂಬುದನ್ನು ಅನುಭವಿಸಿ ಅರಿತರು. ಬಳಿಕ ಯುದ್ಧಕಾಲದಲ್ಲಿ ನೌಕಾಪಡೆಗಾಗಿ, ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಸೇವಿಸುವ ಪರೀಕ್ಷೆಗೂ ಇಳಿದರು.

ಇದರ ಅಪಾಯವನ್ನು ಫ್ರಾನ್ಸಿನ ಪಾಲ್ ಬೇರ್ ಎಂಬ ಪಂಡಿತರು 1878ರಲ್ಲಿಯೇ ಪ್ರಕಟಿಸಿದ್ದರು. ಸಾಧಾರಣ ಗಾಳಿಯಲ್ಲಿ ಆಮ್ಲಜನಕವು ಶೇಕಡ 21ರಷ್ಟು ಮಾತ್ರ. ಒತ್ತಡವೇರಿದಂತೆ ಅದು ರಕ್ತದ ದ್ರವದಲ್ಲಿ ಅಧಿಕವಾಗಿ ಕರಗುತ್ತದೆ. ಜೀವಕೋಶಗಳಲ್ಲಿ ಅದರಿಂದ ಹುಟ್ಟುವ ಉಗ್ರ ಕಣಗಳು ಕೊಬ್ಬು, ಸಸಾರಜನಕಗಳನ್ನು ಕೆಡಿಸುತ್ತವೆ. ದೇಹವು ಸುಮ್ಮನಿರುವುದಿಲ್ಲ. ಮಿದುಳಿನ ರಕ್ತನಾಳಗಳು ಕುಗ್ಗಿ ಪ್ರವಾಹವನ್ನು ತಡೆಯುತ್ತವೆ. ಕಿಣ್ವಗಳು ಆ ಕಣಗಳನ್ನು ಶಮನಗೊಳಿಸುತ್ತವೆ. ಅಂತಹ ಮುಖ್ಯ ಕಿಣ್ವವೊಂದರ ಕಾರ್ಯವು 1969ರಲ್ಲಿ ಬೆಳಕಿಗೆ ಬಂದಿತು. ಈ ಕಾವಲು ಸೋತೊಡನೆ ತುಟಿ ಅದುರಿ, ಕಿವಿ ಗುಯ್‌ಗುಟ್ಟಿ, ಸೆಳವು ಬರುತ್ತದೆ. ಒತ್ತಡವು ಅಷ್ಟಿಲ್ಲದಿದ್ದರೂ ಬಹುಕಾಲ ಸೇವಿಸಿದರೆ ಶ್ವಾಸಕೋಶವು ಬೇಯುತ್ತದೆ.

ಹಾಲ್ಡೇನರು ಸ್ವತಃ ಈ ಸೆಳವಿಗೆ ಸಿಕ್ಕಿದರು. ಅದರ ರಭಸಕ್ಕೆ ಅವರ ಬೆನ್ನೆಲುಬಿನ ಮಣಿಗಳು ಜಜ್ಜಿಹೋಗಿ, ಆ ನೋವು ಅವರನ್ನು ಬಹುಕಾಲ ಬಾಧಿಸಿತು. ಆದರೂ ಅವರು ಹಿಂಜರಿಯಲಿಲ್ಲ. ಮಾರ್ಟಿನ್ ಕೇಸರೊಡನೆ ಕೂಡಿ 1941ರಲ್ಲಿ ತಮ್ಮ ಶೋಧದ ಫಲವನ್ನು ಪ್ರಕಟಿಸಿದರು. ನೀರಿನಾಳದಲ್ಲಿ ಸೆಳವು ಬಂದವನಿಗೆ ಮೃತ್ಯುವೇ ಗತಿಯಾದುದರಿಂದ, ಈ ಜ್ಞಾನದ ಬೆಲೆಯು ಅನೇಕ ನಾವಿಕರ ಪ್ರಾಣಗಳಿಗೆ ಸಮಾನವಾದುದು. ಇಂದು ವೈದ್ಯರು ಇದೇ ಆಮ್ಲಜನಕವನ್ನು ಎರಡು ಮೂರು ವಾಯುಮಂಡಲಗಳ ಒತ್ತಡದಲ್ಲಿ, ನಡುನಡುವೆ ಸಾಧಾರಣ ಗಾಳಿಯ ವಿರಾಮವಿತ್ತು, ಔಷಧವಾಗಿ ಬಳಸುತ್ತಾರೆ.

ಸೂಯೆಜ್ ಮೇಲಣ ಆಕ್ರಮಣವನ್ನು ಖಂಡಿಸಿ ಅವರು 1957ರಲ್ಲಿ ಸ್ವದೇಶವನ್ನು ತೊರೆದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ನಮ್ಮ ಉಡುಪನ್ನೂ ಸಸ್ಯಾಹಾರವನ್ನೂ ಅಂಗೀಕರಿಸಿ, 1961ರಲ್ಲಿ ಭಾರತದ ಪೌರತ್ವವನ್ನು ಪಡೆದರು. 1964ನೆಯ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ನಿಧನರಾದಾಗ, ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯ ಕಾಲೇಜಿಗೆ ಒಪ್ಪಿಸಲಾಯಿತು.

ಅನ್ಯರನ್ನು ಅಪಾಯಕ್ಕೆ ಕಳುಹುವ ಮುನ್ನ ತಾನು ಅದನ್ನು ಎದುರಿಸಬೇಕೆಂಬ ನಿಯಮವನ್ನು ಹಾಲ್ಡೇನರು ಬಾಳಿ ತೋರಿಸಿದರು. ಅಧಿಕಾರಸ್ಥಾನದಲ್ಲಿರುವವರೆಲ್ಲರೂ ಈ ನಿಯಮವನ್ನು ನೆನೆಯುವುದು ಒಳ್ಳೆಯದು.