ಕೂರಿಗೆಯಿಂದ ಕಾರಿಗೆ: ಹಾನ್ಸ್ ಗ್ಲಾಸ್

ಮಕ್ಕಳೇ, ಮುಂಗಾರು ಮಳೆ ಬಿದ್ದ ಮೇಲೆ ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿ ಕೂರಿಗೆ ಹೂಡುವುದನ್ನು ನೀವು ನೋಡಿದ್ದೀರಿ. ಬಟ್ಟಲಿಗೆ ಹಾಕಿದ ಕಾಳು ಕೊಳವೆಗಳ ಮೂಲಕ ಸಾಲಾಗಿ ನೆಲಕ್ಕಿಳಿಯುತ್ತದೆ. ಇದೇ ಕೆಲಸ ಮಾಡುವ ಬಿತ್ತನೆ ಯಂತ್ರಗಳನ್ನು ತಯಾರಿಸುತ್ತಿದ್ದವರೊಬ್ಬರು ಮುಂದೆ ಲಕ್ಷಗಟ್ಟಲೆ ಪುಟ್ಟ ಕಾರುಗಳನ್ನು ತಯಾರಿಸಿದರು ಎಂದರೆ ನಂಬುವಿರಾ? ಅವರೇ ಹಾನ್ಸ್ ಗ್ಲಾಸ್.

ಗ್ಲಾಸ್ ಅವರು 1890ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಜನಿಸಿದರು. ಡಿಂಗೋಲ್ಫಿಂಗ್ ಎಂಬ ಸಣ್ಣ ಊರಿನಲ್ಲಿ ಅವರ ಕಾರ್ಖಾನೆಯಿತ್ತು. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಜನರಿಗೆ ದೊಡ್ಡ ಕಾರು ಕೊಳ್ಳುವ ಶಕ್ತಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಬಿತ್ತನೆ ಯಂತ್ರಗಳ ಬೇಡಿಕೆಯೂ ತಗ್ಗತೊಡಗಿತು. ಕಾರ್ಖಾನೆ ನಡೆಯಬೇಕಲ್ಲ! ಅರವತ್ತು ದಾಟಿದ್ದ ಗ್ಲಾಸ್ 1951ರಲ್ಲಿ ಸ್ಕೂಟರ್ ತಯಾರಿಕೆಗೆ ಇಳಿದರು. ಅದಕ್ಕೆ ಮೊಮ್ಮಗನ ಮುದ್ದಿನ ಹೆಸರು ‘ಗೊಗ್ಗೊ’ ಎಂದೇ ಇಟ್ಟರು.

ಮಳೆ, ಚಳಿಯಲ್ಲಿ ಮನೆಮಂದಿಯೆಲ್ಲ ಸ್ಕೂಟರಿನಲ್ಲಿ ಹೋಗಲಾದೀತೇ? 1955ರಲ್ಲಿ ‘ಗೊಗ್ಗೊಮೊಬಿಲ್’ ಕಾರು ಬಂತು. ಉದ್ದ ಮೂರು ಮೀಟರಿಗಿಂತ ಕಡಿಮೆ. ಆದರೂ ನಾಲ್ಕು ಸೀಟು. ಹಿಂಬದಿಯಲ್ಲಿ ಸುಮಾರು 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಹಳೆಯ ಲೂನಾದಲ್ಲಿ ಇದ್ದುದೂ ಇದೇ ಬಗೆಯ ಎಂಜಿನ್. ಇದರಲ್ಲಿ ಬಿಡಿಭಾಗ ಕಡಿಮೆ, ತೂಕ ಕಡಿಮೆ, ಖರ್ಚೂ ಕಡಿಮೆ. ಹೊಗೆ ಮಾತ್ರ ಹೆಚ್ಚು. ಇಂಥ ಸುಮಾರು 2,80,000 ಕಾರುಗಳು ತಯಾರಾದವು. ನಮ್ಮ ಬೆಂಗಳೂರಿನಲ್ಲೂ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರು ತಯಾರಾಗಿತ್ತು.

ಜರ್ಮನಿಯಲ್ಲಿ ಜನರ ಆದಾಯ ಹೆಚ್ಚಿದಂತೆ ದೊಡ್ಡ ಕಾರುಗಳಿಗೆ ಬೇಡಿಕೆ ಬಂತು. ಗ್ಲಾಸ್ ಅವರ ಕಂಪನಿಯೂ ಅತ್ತ ಹೊರಳಿತು. 1962ರ ‘ಗ್ಲಾಸ್ 1004’ ಕಾರಿನಲ್ಲಿ ಎಂಜಿನ್ನಿನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚಲು, ಲೋಹದ ಸರಪಳಿಯ ಬದಲು ಹಲ್ಲುಗಳಿದ್ದ ರಬ್ಬರ್ ಬೆಲ್ಟ್ ಬಳಸಿದರು. ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರುಗಳಲ್ಲಿ ಇದೇ ಮೊದಲು. ಸದ್ದು ಕಡಿಮೆ, ಎಣ್ಣೆ ಹಾಕಬೇಕಿಲ್ಲ. ಮುಂದೆ ಬೇರೆ ಕಂಪನಿಗಳೂ ಇದನ್ನು ಅಳವಡಿಸಿಕೊಂಡವು.

ಆದರೆ ಹೊಸ ಮಾದರಿಗಳಿಗೆ ಹಣ ಸಾಲದಾಯಿತು. 1966ರಲ್ಲಿ ಕಂಪನಿಯನ್ನು ಬಿ.ಎಂ.ಡಬ್ಲ್ಯು.ಗೆ ಮಾರಬೇಕಾಯಿತು. 1969ರಲ್ಲಿ ಗೊಗ್ಗೊಮೊಬಿಲ್ ತಯಾರಿಕೆ ನಿಂತಿತು. ಅದೇ ವರ್ಷ ಗ್ಲಾಸ್ ಅವರೂ ತೀರಿಕೊಂಡರು. ಕಂಪನಿ ಕೈಬಿಟ್ಟುಹೋದರೂ ಊರಿಗೆ ಕೆಲಸ ಉಳಿಯಿತು. ಡಿಂಗೋಲ್ಫಿಂಗ್‌ನಲ್ಲಿ ಇಂದಿಗೂ ಕಾರುಗಳು ತಯಾರಾಗುತ್ತಿವೆ.

ಮಾಡಿ ನೋಡಿ: ಹಿಟ್ಟಿನ ಗಿರಣಿಗೆ ಹೋದಾಗ ಬೆಲ್ಟನ್ನು ದೂರ ನಿಂತೇ ಗಮನಿಸಿ. ಅದಕ್ಕೆ ಹಲ್ಲುಗಳಿವೆಯೇ? ಹಲ್ಲಿಲ್ಲದ ಬೆಲ್ಟ್ ಸ್ವಲ್ಪ ಜಾರಿದರೂ ಗಿರಣಿ ಓಡುತ್ತದೆ. ಕಾರಿನ ಕವಾಟಗಳಿಗೆ ಅದು ಏಕೆ ನಡೆಯದು? ಯೋಚಿಸಿ, ತರಗತಿಯಲ್ಲಿ ಚರ್ಚಿಸಿ.